ಇಪ್ಪತ್ತನಾಲ್ಕರಲ್ಲಿ ಒಂದು: ಮಾದರಿ ಕಾರುಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ಲಾಸ್ಟಿಕ್ ಬಿಡಿಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚಿ ಸಿದ್ಧಪಡಿಸುವ ಮಾದರಿ ಕಾರುಗಳ ಕುರಿತು ಕಳೆದ ಸಂಚಿಕೆಯಲ್ಲಿ ಬರೆದ ಟಿಪ್ಪಣಿಗೆ ಬಂದ ಪತ್ರಗಳಲ್ಲಿ ಕೆಲವನ್ನು ಈ ಬಾರಿ ಆರಿಸಿಕೊಂಡಿದ್ದೇನೆ. ಪೆಟ್ಟಿಗೆಯಲ್ಲಿ ಬಂದದ್ದನ್ನು ಬಂದಂತೆ ಜೋಡಿಸುವ ಹಂತವನ್ನು ದಾಟಿ, ತಮ್ಮದೇ ಕೈಚಳಕವನ್ನು ಸೇರಿಸಬೇಕೆಂದು ಬಯಸುವವರೇ ಹೆಚ್ಚಾಗಿ ಬರೆದಿದ್ದಾರೆ. ಒಂದೇ ವಿಷಯವನ್ನು ಕೇಳಿದವರ ಪತ್ರಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಬಳಿ 1/24 ಅಳತೆಯ, 1966ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಕಿಟ್ ಇದೆ. ಹೊರದೇಶದಿಂದ ಲೋಹದ ಬಿಡಿಭಾಗಗಳನ್ನು ತರಿಸುವಷ್ಟು ಹಣವಿಲ್ಲ. ಏನನ್ನೂ ಕೊಳ್ಳದೆ ಈ ಕಾರನ್ನು ಇನ್ನಷ್ಟು ನೈಜವಾಗಿ ಮಾಡಲು ಸಾಧ್ಯವೇ? (ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ಸಾಧ್ಯ ಮಾತ್ರವಲ್ಲ, ಅಲ್ಲಿಂದಲೇ ಆರಂಭಿಸಬೇಕು. ಕೊಂಡು ತಂದ ಬಿಡಿಭಾಗಗಳನ್ನು ಎಷ್ಟು ಅಂಟಿಸಿದರೂ ಆಟಿಕೆಯಂತೆಯೇ ಕಾಣುವ ಕಾರುಗಳನ್ನು ನಾನು ಬಹಳ ನೋಡಿದ್ದೇನೆ. ಅದಕ್ಕೆ ಕಾರಣ ಬಿಡಿಭಾಗಗಳ ಕೊರತೆಯಲ್ಲ, ದಪ್ಪದ ತಪ್ಪು. ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ನಿಜವಾದ ಬೀಟಲ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2,400 ಮಿ.ಮೀ. ಅದನ್ನು 24ರಿಂದ ಭಾಗಿಸಿದರೆ ಸರಿಯಾಗಿ 100 ಮಿ.ಮೀ. ಬರುತ್ತದೆ. ನಿಮ್ಮ ಕಿಟ್‌ನಲ್ಲಿ ಅಳೆದು ನೋಡಿದರೆ ಈ ಅಂತರ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ, ಏಕೆಂದರೆ ಕಿಟ್ ತಯಾರಕರು ಉದ್ದ, ಅಗಲಗಳಲ್ಲಿ ಎಡವುವುದು ಕಡಿಮೆ. ಅವರಿಂದ ಆಗದೇ ಇರುವುದು ತಗಡಿನ ದಪ್ಪವನ್ನು ಇಳಿಸುವುದು. ನಿಜವಾದ ಕಾರಿನ ತಗಡು ಒಂದು ಮಿ.ಮೀ.ಗಿಂತ ತೆಳುವಾಗಿರುತ್ತದೆ. ಕಿಟ್‌ನ ಪ್ಲಾಸ್ಟಿಕ್ ಬಾಡಿಯೂ ಒಂದು ಮಿ.ಮೀ. ದಪ್ಪವಿದೆ ಎಂದುಕೊಳ್ಳಿ, ಅದನ್ನು ನಿಜವಾದ ಗಾತ್ರಕ್ಕೆ ಹಿಗ್ಗಿಸಿದರೆ 24 ಮಿ.ಮೀ. ಆಗುತ್ತದೆ, ಅಂದರೆ ಒಂದು ಇಂಚಿಗೆ ಸಮೀಪ. ಕಾರಿಗಲ್ಲ, ಯುದ್ಧದ ಟ್ಯಾಂಕಿಗೆ ಹೊಂದುವ ದಪ್ಪ ಅದು.

ಇಡೀ ಬಾಡಿಯನ್ನು ತೆಳುವಾಗಿಸುವುದು ಆಗದ ಕೆಲಸ, ಅದರ ಅಗತ್ಯವೂ ಇಲ್ಲ. ಕಣ್ಣಿಗೆ ಕಾಣುವುದು ಅಂಚುಗಳು ಮಾತ್ರ. ಆದ್ದರಿಂದ ಮಡ್‌ಗಾರ್ಡಿನ ಅಂಚು, ಕಿಟಕಿಯ ಚೌಕಟ್ಟಿನ ಒಳಬದಿ ಮತ್ತು ಬಾಗಿಲಿನ ಕೆಳಗಿನ ಅಂಚನ್ನು ಒಳಗಿನಿಂದ, ಹೊಸ ಬ್ಲೇಡನ್ನು ಓರೆಯಾಗಿ ಹಿಡಿದು, ಕ್ಯಾರೆಟ್ಟಿನ ಸಿಪ್ಪೆ ಹೆರೆಯುವಂತೆ ಸ್ವಲ್ಪ ಸ್ವಲ್ಪವಾಗಿ ಹೆರೆದುಕೊಳ್ಳಿ. ಬೆಳಕಿಗೆ ಹಿಡಿದಾಗ ಅಂಚು ಅರೆಪಾರದರ್ಶಕವಾಗಿ ಹೊಳೆದರೆ ಅಲ್ಲಿಗೆ ನಿಲ್ಲಿಸಬೇಕು.

ಎರಡನೆಯದು ಬಾಗಿಲಿನ ಸಂದು. ನಿಜವಾದ ಕಾರಿನಲ್ಲಿ ಬಾಗಿಲಿಗೂ ಬಾಡಿಗೂ ನಡುವೆ ಸುಮಾರು 4ರಿಂದ 5 ಮಿ.ಮೀ. ಸಂದಿರುತ್ತದೆ, ಅಂದರೆ ನಿಮ್ಮ ಮಾದರಿಯಲ್ಲಿ 0.2 ಮಿ.ಮೀ. ಅಗಲ ಬಂದರೆ ಸಾಕು. ಆದರೆ ಕಿಟ್‌ನಲ್ಲಿ ಈ ಗೆರೆ ಆಳವಿಲ್ಲದ ಚರಂಡಿಯಂತಿದ್ದು, ಪ್ರೈಮರ್ ಎಂಬ ತಳಪದರ, ಬಣ್ಣ, ಮೇಲೆ ಕ್ಲಿಯರ್ ಎಂಬ ಪಾರದರ್ಶಕ ಹೊಳಪು ಎಂದು ಮೂರು ಪದರ ಬೀಳುವಷ್ಟರಲ್ಲಿ ಮುಚ್ಚಿಹೋಗುತ್ತದೆ. ಬಣ್ಣ ಹಚ್ಚುವ ಮೊದಲೇ, ಬ್ಲೇಡಿನ ಹಿಂಬದಿಯನ್ನು ಗೆರೆಯಲ್ಲಿ ಇಟ್ಟು, ಒತ್ತದೆ, ಬ್ಲೇಡಿನ ಭಾರದಲ್ಲೇ ಎಂಟು ಹತ್ತು ಬಾರಿ ಎಳೆದು ಗೆರೆಯನ್ನು ಆಳಗೊಳಿಸಿ. ಅಗಲವಾಗಬಾರದು, ಆಳವಾಗಬೇಕು. ಅವಸರಪಟ್ಟು ಒತ್ತಿದವರ ಬ್ಲೇಡು ಗೆರೆಯನ್ನು ಬಿಟ್ಟು ಬಾನೆಟ್ಟಿನ ಮೇಲೆ ಓಡುತ್ತದೆ. ಆ ಗೀರಿಗೆ ಪುಟ್ಟಿ ಹಚ್ಚುತ್ತ ಕೂರುವ ಹೊತ್ತಿನಲ್ಲಿ ನಾಲ್ಕು ಬಾಗಿಲುಗಳನ್ನು ಮುಗಿಸಬಹುದು.

ಉಳಿದವು ಸಣ್ಣ ಕೆಲಸಗಳು. ಟೈರಿನ ನಡುವೆ ಅಚ್ಚಿನ ಏಣು ಸುತ್ತಲೂ ಎದ್ದಿರುತ್ತದೆ. 240 ನಂಬರಿನ ಎಮರಿ ಪೇಪರಿನಲ್ಲಿ ಉಜ್ಜಿದರೆ ಏಣೂ ಹೋಗುತ್ತದೆ, ಹೊಸ ರಬ್ಬರಿನ ಹೊಳಪೂ ಅಡಗಿ ಓಡಿದ ಟೈರಿನ ಬಣ್ಣ ಬರುತ್ತದೆ. ಬೀಟಲ್‌ನ ಹಿಂದೆ ಹೊರಚಾಚಿರುವ ಎರಡು ಹೊಗೆಕೊಳವೆಗಳ ತುದಿ ಕಿಟ್‌ನಲ್ಲಿ ಮುಚ್ಚಿದ್ದರೆ ಕೈಡ್ರಿಲ್ಲಿನಿಂದ ಕೊರೆದು ಒಳಗೆ ಕಪ್ಪು ಹಚ್ಚಿ. ಇಷ್ಟಕ್ಕೆ ನಿಮಗೆ ತಗಲುವುದು ಎರಡು ಸಂಜೆ ಮತ್ತು ಒಂದು ಬ್ಲೇಡು.

ಪ್ರಶ್ನೆ: ಮಳೆಗಾಲದಲ್ಲಿ ಲ್ಯಾಕರ್ ಬಣ್ಣ ಸಿಂಪಡಿಸಿದಾಗಲೆಲ್ಲ ಕಾರಿನ ಮೇಲೆ ಮಜ್ಜಿಗೆ ಚೆಲ್ಲಿದಂತೆ ಬಿಳಿ ಮಬ್ಬು ಕೂರುತ್ತದೆ. ಬೇಸಿಗೆಯಲ್ಲಿ ಅದೇ ಡಬ್ಬಿಯ ಬಣ್ಣ ಚೆನ್ನಾಗಿಯೇ ಬರುತ್ತಿತ್ತು. ಬಣ್ಣ ಹಾಳಾಗಿದೆಯೇ? (ಓದುಗರೊಬ್ಬರು, ಮಂಗಳೂರು, ಇದೇ ಪ್ರಶ್ನೆ ಕುಮಟಾ ಮತ್ತು ಕುಂದಾಪುರದಿಂದಲೂ ಬಂದಿದೆ)

ಉತ್ತರ: ಬಣ್ಣ ಹಾಳಾಗಿಲ್ಲ, ನಿಮ್ಮ ಕೈಯೂ ತಪ್ಪಿಲ್ಲ. ಕರಾವಳಿಯ ಜುಲೈ ತಿಂಗಳಿನ ಗಾಳಿ ಮಾಡಿದ ಕೆಲಸ ಅದು. ಲ್ಯಾಕರ್ ಬಣ್ಣದಲ್ಲಿರುವ ದ್ರಾವಕ ಬಹಳ ಬೇಗ ಆವಿಯಾಗುತ್ತದೆ. ಹಾಗೆ ಆವಿಯಾಗುವಾಗ ತನಗೆ ಬೇಕಾದ ಶಾಖವನ್ನು ಬಣ್ಣದ ಪದರದಿಂದಲೇ ಎಳೆದುಕೊಳ್ಳುವುದರಿಂದ ಕಾರಿನ ಮೇಲ್ಮೈ ಕೋಣೆಗಿಂತ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವಾಂಶ ತುಂಬಿರುವ ದಿನ, ತಣ್ಣೀರಿನ ಲೋಟದ ಹೊರಮೈ ಬೆವರುವಂತೆ, ಆ ತಣ್ಣಗಿನ ಹಸಿ ಬಣ್ಣದ ಮೇಲೂ ನೀರಿನ ಸೂಕ್ಷ್ಮ ಹನಿಗಳು ಕೂರುತ್ತವೆ. ಬಣ್ಣ ಒಣಗುವಾಗ ಆ ಹನಿಗಳು ಪದರದೊಳಗೆ ಸಿಕ್ಕಿಕೊಂಡು ಬೆಳಕನ್ನು ಚದುರಿಸುತ್ತವೆ. ನಿಮ್ಮ ಕಣ್ಣಿಗೆ ಮಜ್ಜಿಗೆಯಂತೆ ಕಾಣುವುದು ಅದೇ.

ಮಬ್ಬು ಕೂತ ಬಣ್ಣವನ್ನು ಕಿತ್ತು ತೆಗೆಯಬೇಕಾಗಿಲ್ಲ. ನಿಧಾನವಾಗಿ ಆರುವ ತಿನ್ನರ್ ಎಂದೇ ಮಾರುವ, ರಿಟಾರ್ಡರ್ ಸೇರಿರುವ ತಿನ್ನರ್ ಸಿಗುತ್ತದೆ. ಮಿಸ್ಟರ್ ಹಾಬಿ ಬ್ರಾಂಡಿನ ಲೆವೆಲಿಂಗ್ ತಿನ್ನರ್ ಇದೇ ಬಗೆಯದು. ಗಾಳಿ ಒಣಗಿರುವ ದಿನ ನೋಡಿಕೊಂಡು, ಅದನ್ನು ಮಾತ್ರ, ಬಣ್ಣ ಬೆರೆಸದೆ, ಗಾಳಿಯ ಒತ್ತಡದಿಂದ ಸಿಂಪಡಿಸುವ ಏರ್‌ಬ್ರಷ್‌ನಿಂದ ಮಂಜಿನಂತೆ ಒಮ್ಮೆ ಹಾಯಿಸಿ. ಮೇಲ್ಪದರ ಮತ್ತೆ ಮೃದುವಾಗಿ, ಸಿಕ್ಕಿಕೊಂಡ ತೇವ ಹೊರಗೆ ಹೋಗಿ, ಹೊಳಪು ನಿಮ್ಮ ಕಣ್ಣೆದುರೇ ಮರಳುತ್ತದೆ. ಮೊದಲ ಬಾರಿ ನೋಡಿದವರಿಗೆ ಇದು ಕಣ್ಕಟ್ಟಿನಂತೆ ಕಾಣುತ್ತದೆ. ಒದ್ದೆಯಾಗಿ ಹರಿಯುವಷ್ಟು ಸಿಂಪಡಿಸಬಾರದು. ಹರಿದರೆ ಬಣ್ಣವೂ ಜೊತೆಗೆ ಹರಿಯುತ್ತದೆ.

ಮುಂದೆ ಹೀಗಾಗದಂತೆ ನೋಡಿಕೊಳ್ಳುವುದಕ್ಕೆ, ಬಣ್ಣ ಬೆರೆಸುವಾಗಲೇ ಈ ನಿಧಾನದ ತಿನ್ನರನ್ನು ಬಳಸಿ, ಒಮ್ಮೆಲೇ ದಪ್ಪವಾಗಿ ಹಚ್ಚದೆ ತೆಳುವಾದ ಪದರಗಳಲ್ಲಿ ಮುಗಿಸಿ. ಮನೆಯಲ್ಲಿ ಏಸಿ ಇದ್ದರೆ ಬಣ್ಣ ಹಚ್ಚುವ ಒಂದು ಗಂಟೆ ಮೊದಲು ಅದನ್ನು ಡ್ರೈ ಎಂಬ ಗುರುತಿನಲ್ಲಿ ಓಡಿಸಿ ಕೋಣೆಯ ತೇವವನ್ನು ಇಳಿಸಿಕೊಳ್ಳಬಹುದು, ಆದರೆ ಸಿಂಪಡಿಸುವಾಗ ಹೊಗೆಯನ್ನು ಹೊರಗೆ ತಳ್ಳುವ ಫ್ಯಾನು ಓಡುತ್ತಲೇ ಇರಬೇಕು. ಕಂಪ್ರೆಸರಿನ ಟ್ಯಾಂಕಿನಲ್ಲಿಯೂ ನೀರು ಸೇರುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಕೆಳಗಿನ ತಿರುಪನ್ನು ಬಿಚ್ಚಿ ಪ್ರತಿದಿನ ಆ ನೀರನ್ನು ಬಸಿಯಬೇಕು, ಇಲ್ಲದಿದ್ದರೆ ಬಣ್ಣದ ನಡುವೆ ನೀರಿನ ಹನಿ ಉಗುಳಿದಂತೆ ಬೀಳುತ್ತದೆ. ಹಚ್ಚಿದ ಮೇಲೆ ಆರಿಸಲು, ಮುಚ್ಚಳವಿರುವ ರಟ್ಟಿನ ಪೆಟ್ಟಿಗೆಯ ಮೂಲೆಯಲ್ಲಿ ಹಳೆಯ ಕಾಲದ 40 ವಾಟಿನ ಬಲ್ಬನ್ನು ರಟ್ಟಿಗೆ ತಾಗದಂತೆ ಉರಿಸಿ, ಕಾರನ್ನು ದೂರದ ಮೂಲೆಯಲ್ಲಿಡುವ ಉಪಾಯವನ್ನು ನಾನು ಮಲೆನಾಡಿನಲ್ಲಿ ಕಲಿತೆ. ಪೆಟ್ಟಿಗೆಯೊಳಗೆ ಉಷ್ಣಮಾಪಕವೊಂದಿರಲಿ, 40 ಡಿಗ್ರಿ ದಾಟಲು ಬಿಡಬೇಡಿ ಮತ್ತು ದೀಪ ಉರಿಯುತ್ತಿರುವಾಗ ಮನೆಬಿಟ್ಟು ಹೋಗಬೇಡಿ. ಬಣ್ಣ ಪೂರ್ತಿ ಆರಿದೆಯೇ ಎಂದು ತಿಳಿಯಲು ಬೆರಳು ಒತ್ತಿ ನೋಡಬಾರದು, ಮೂಸಿ ನೋಡಬೇಕು. ತಿನ್ನರಿನ ವಾಸನೆ ಬರುತ್ತಿರುವವರೆಗೂ ಅದು ಆರಿಲ್ಲ.

ಪ್ರಶ್ನೆ: ನಮ್ಮೂರಿನ ಕಾರು ಪೇಂಟಿಂಗ್ ಗ್ಯಾರೇಜಿನಲ್ಲಿ ಕೇಳಿದ ಬಣ್ಣವನ್ನು ಬೆರೆಸಿಕೊಡುತ್ತಾರೆ, ಎನ್‌ಸಿ (ನೈಟ್ರೋಸೆಲ್ಯುಲೋಸ್) ಪುಟ್ಟಿಯೂ ತಿನ್ನರೂ ಅಗ್ಗವಾಗಿ ಸಿಗುತ್ತವೆ. ಮಾದರಿ ಕಾರಿಗೆ ಇವನ್ನೇ ಬಳಸಿದರೆ ಆಗದೇ? (ಓದುಗರೊಬ್ಬರು, ಬಳ್ಳಾರಿ)

ಉತ್ತರ: ಪುಟ್ಟಿ ಆಗುತ್ತದೆ. ಬಣ್ಣ ಎಚ್ಚರಿಕೆಯಿಂದ ಆಗುತ್ತದೆ. ತಿನ್ನರ್ ಮಾತ್ರ ಬರಿಯ ಪ್ಲಾಸ್ಟಿಕ್ಕಿಗೆ ತಾಗಬಾರದು.

ಈ ಮಾತನ್ನು ನಾನು ಕಲಿತದ್ದು ಒಂದು ಕಾರನ್ನು ಕಳೆದುಕೊಂಡು. ಕಾಲೇಜಿನ ದಿನಗಳಲ್ಲಿ, ಹಣ ಕೂಡಿಟ್ಟು ತರಿಸಿದ ಕಿಟ್‌ನ ಬಾಡಿಯ ಮೇಲಿದ್ದ ಬೆರಳಿನ ಜಿಡ್ಡನ್ನು ಒರೆಸಲೆಂದು ಗ್ಯಾರೇಜಿನ ತಿನ್ನರಿನಲ್ಲಿ ಬಟ್ಟೆ ಅದ್ದಿ ಒಮ್ಮೆ ಎಳೆದೆ. ಬಟ್ಟೆ ಜಾರಲಿಲ್ಲ, ಅಂಟಿಕೊಂಡಿತು. ಎತ್ತಿ ನೋಡಿದರೆ ಬಾಗಿಲಿನ ಗೆರೆ, ಹಿಡಿಕೆ ಎಲ್ಲ ಕರಗಿ, ಬಟ್ಟೆಯ ನೇಯ್ಗೆ ಮಾತ್ರ ಅಚ್ಚೊತ್ತಿದಂತೆ ಮೂಡಿತ್ತು. ಕಿಟ್‌ಗಳನ್ನು ಮಾಡುವ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಎನ್‌ಸಿ ತಿನ್ನರ್ ಕರಗಿಸುತ್ತದೆ. ಮಾದರಿಗೆಂದೇ ಮಾರುವ ಅಂಟು ಕೆಲಸ ಮಾಡುವುದೂ ಇದೇ ಗುಣದಿಂದ: ಎರಡು ಅಂಚುಗಳನ್ನು ಕರಗಿಸಿ ಒಂದಾಗಿಸುತ್ತದೆ. ಜಿಡ್ಡು ತೆಗೆಯಲು ಪಾತ್ರೆ ತೊಳೆಯುವ ಸೋಪಿನ ನೀರೇ ಸಾಕು.

ಗ್ಯಾರೇಜಿನ ಬಣ್ಣವನ್ನೇ ಬಳಸಬೇಕೆಂದಿದ್ದರೆ ಮೊದಲು ಮಾದರಿಗೆಂದೇ ತಯಾರಾದ ಪ್ರೈಮರನ್ನು ಎರಡು ತೆಳು ಪದರ ಹಚ್ಚಿ, ಒಂದು ದಿನ ಆರಲು ಬಿಡಿ. ಅದರ ಮೇಲೆ ಬಣ್ಣವನ್ನು ಮೊದಲ ಎರಡು ಸಲ ಧೂಳು ಕೂತಂತೆ ಒಣಗಾಗಿ ಹಾಯಿಸಿ, ಆಮೇಲೆ ಹೊಳಪಿನ ಪದರ ಕೊಡಿ. ಬಾಡಿಯ ಮೇಲೆ ನೇರವಾಗಿ ಪ್ರಯೋಗ ಮಾಡುವ ಬದಲು ಬಿಡಿಭಾಗಗಳ ಚೌಕಟ್ಟಿನ ತುಂಡಿನ ಮೇಲೆ, ಇಲ್ಲವೇ ಪ್ಲಾಸ್ಟಿಕ್ ಚಮಚದ ಮೇಲೆ ಮಾಡಿ ನೋಡಿ. ಬಣ್ಣ ಉಬ್ಬಿನ ಮೇಲೆ ಹೇಗೆ ಕೂರುತ್ತದೆ ಎಂಬುದನ್ನು ಚಮಚದ ಬೆನ್ನು ಚೆನ್ನಾಗಿ ತೋರಿಸುತ್ತದೆ. ಮೆಟಾಲಿಕ್ ಬಣ್ಣವನ್ನು ಮಾತ್ರ ಗ್ಯಾರೇಜಿನಿಂದ ತರಬೇಡಿ. ಅದರಲ್ಲಿರುವ ಮಿನುಗುವ ಚೂರುಗಳು ನಿಜವಾದ ಕಾರಿನ ಗಾತ್ರಕ್ಕೆ ಸರಿ. ನಿಮ್ಮ ಮಾದರಿಯ ಮೇಲೆ ಅವು ಇಪ್ಪತ್ತನಾಲ್ಕು ಪಟ್ಟು ದೊಡ್ಡವಾಗಿ, ಕಾರಿಗೆ ಜಾತ್ರೆಯ ಮಿಂಚು ಎರಚಿದಂತೆ ಕಾಣುತ್ತವೆ. ಗಟ್ಟಿಗೊಳಿಸುವ ದ್ರವವನ್ನು ಬೆರೆಸಿ ಹಚ್ಚುವ ಎರಡು ಡಬ್ಬಿಯ ಕ್ಲಿಯರ್ ಕೋಟನ್ನು ಮನೆಯೊಳಗೆ ಬಳಸಲೇಬೇಡಿ. ಅದರಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯಕಾರಿ, ಬಟ್ಟೆಯ ಮಾಸ್ಕು ಅದನ್ನು ತಡೆಯುವುದಿಲ್ಲ.

ಕಿತ್ತಳೆ ಸಿಪ್ಪೆಯಂತೆ ತರಿತರಿಯಾದ ಮೇಲ್ಮೈಯ ಬಗ್ಗೆಯೂ ಕೇಳಿದ್ದೀರಿ. ಬಣ್ಣದ ಹನಿಗಳು ಬಾಡಿಯನ್ನು ತಲುಪುವ ಮೊದಲೇ ಅರ್ಧ ಒಣಗಿದಾಗ ಹಾಗಾಗುತ್ತದೆ; ಬಣ್ಣವನ್ನು ಸ್ವಲ್ಪ ತೆಳು ಮಾಡಿಕೊಂಡು ಹತ್ತಿರದಿಂದ ಸಿಂಪಡಿಸಿ. ಆಗಿಹೋಗಿದ್ದರೆ, ಪೂರ್ತಿ ಆರಿದ ಕ್ಲಿಯರಿನ ಮೇಲೆ 2000 ನಂಬರಿನ ವಾಟರ್ ಪೇಪರನ್ನು ನೀರಿನಲ್ಲಿ ನೆನೆಸಿ ಮೃದುವಾಗಿ ಉಜ್ಜಿ, ಬಳಿಕ ರಬ್ಬಿಂಗ್ ಕಾಂಪೌಂಡಿನಿಂದ ಹೊಳಪು ಕೊಡಿ. ಬಾನೆಟ್ಟಿನ ಅಂಚು, ಮಡ್‌ಗಾರ್ಡಿನ ಏಣುಗಳ ಮೇಲೆ ಬಣ್ಣ ತೆಳುವಾಗಿರುವುದರಿಂದ ಅಲ್ಲಿ ಮಾಸ್ಕಿಂಗ್ ಟೇಪ್ ಅಂಟಿಸಿಕೊಂಡೇ ಉಜ್ಜಬೇಕು, ಇಲ್ಲದಿದ್ದರೆ ಒಂದೇ ಉಜ್ಜಿಗೆ ಪ್ಲಾಸ್ಟಿಕ್ ಇಣುಕುತ್ತದೆ.

ಪ್ರಶ್ನೆ: ಗಾಜನ್ನು ಸೂಪರ್ ಗ್ಲೂನಿಂದ ಅಂಟಿಸಿದೆ. ಬೆಳಗಾಗುವಷ್ಟರಲ್ಲಿ ಒಳಗೆಲ್ಲ ಬಿಳಿ ಪುಡಿ ಹಿಡಿದಂತಾಗಿದೆ. (ಓದುಗರೊಬ್ಬರು, ಶಿರಸಿ)

ಉತ್ತರ: ಆ ಅಂಟು ಗಟ್ಟಿಯಾಗುವಾಗ ಏಳುವ ಆವಿ ಗಾಜಿನ ಭಾಗದ ಮೇಲೆ ಕೂತು ಬಿಳಿಯಾಗುತ್ತದೆ. ಗಾಜು ಕೈಗೆ ಸಿಗುವಂತಿದ್ದರೆ 3000 ನಂಬರಿನ ಪೇಪರ್ ಮತ್ತು ಕಾಂಪೌಂಡಿನಿಂದ ಉಜ್ಜಿ, ಪಾರದರ್ಶಕ ಅಕ್ರಿಲಿಕ್ ಹೊಳಪಿನಲ್ಲಿ ಅದ್ದಿ ತೆಗೆದರೆ ಬಹುಮಟ್ಟಿಗೆ ತಿಳಿಯಾಗುತ್ತದೆ. ಇನ್ನು ಮುಂದೆ ಗಾಜಿಗೆ ಬಿಳಿಯ ಫೆವಿಕಾಲ್ ಬಳಸಿ. ಹಲ್ಲುಕಡ್ಡಿಯ ತುದಿಯಲ್ಲಿ ಹಚ್ಚಿದರೆ ಆರಿದ ಮೇಲೆ ಕಾಣಿಸುವುದೂ ಇಲ್ಲ, ಹೆಚ್ಚಾದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಲೂಬಹುದು.

ಪ್ರಶ್ನೆ: ಕಿಟ್‌ನಲ್ಲಿ ಬಂದ ಕ್ರೋಮ್ ಬಂಪರ್‌ಗಳು ಕನ್ನಡಿಯಂತೆ ಹೊಳೆಯುತ್ತವೆ, ಕತ್ತರಿಸಿದ ಕಡೆ ಪ್ಲಾಸ್ಟಿಕ್ ಕಾಣುತ್ತದೆ, ಅಂಟೂ ಹಿಡಿಯುವುದಿಲ್ಲ. ಕಿಟಕಿಯ ಸುತ್ತಲಿನ ಕ್ರೋಮ್ ಪಟ್ಟಿಗೆ ಬ್ರಷ್‌ನಿಂದ ಬೆಳ್ಳಿ ಬಣ್ಣ ಹಚ್ಚಿದರೆ ಅಂಕುಡೊಂಕಾಗುತ್ತದೆ. ಏನು ಮಾಡಲಿ? (ಓದುಗರೊಬ್ಬರು, ಬೆಂಗಳೂರು)

ಉತ್ತರ: ಕಿಟ್‌ನ ಕ್ರೋಮ್ ಎಂಬುದು ಕ್ರೋಮಿಯಮ್ ಅಲ್ಲ. ಲ್ಯಾಕರ್ ಹಚ್ಚಿದ ಪ್ಲಾಸ್ಟಿಕ್ಕಿನ ಮೇಲೆ ನಿರ್ವಾತದಲ್ಲಿ ಆವಿಯಾಗಿ ಕೂರಿಸಿದ ಅಲ್ಯೂಮಿನಿಯಮ್ಮಿನ ತೆಳುಪೊರೆ. ಅಂಟು ಕರಗಿಸಬೇಕಾದದ್ದು ಪ್ಲಾಸ್ಟಿಕ್ಕನ್ನು. ಲೋಹದ ಪೊರೆ ನಡುವೆ ಇರುವಾಗ ಅದು ಹಿಡಿಯುವುದಾದರೂ ಹೇಗೆ? ಅಂಟಿಸುವ ಜಾಗದಲ್ಲಿ ಪೊರೆಯನ್ನು ಬ್ಲೇಡಿನಿಂದ ಕೆರೆದು ತೆಗೆಯಿರಿ. ಪೂರ್ತಿ ತೆಗೆಯಬೇಕೆಂದರೆ ಬಟ್ಟೆಗೆ ಹಾಕುವ ಬ್ಲೀಚ್ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿಟ್ಟರೆ ಅಲ್ಯೂಮಿನಿಯಮ್ ಹೊರಟುಹೋಗುತ್ತದೆ. ಕೈಗವಸು ತೊಟ್ಟುಕೊಳ್ಳಿ, ಶೌಚಾಲಯ ತೊಳೆಯುವ ಆಮ್ಲದ ದ್ರಾವಣ ಅದರ ಹತ್ತಿರವೂ ಸುಳಿಯಬಾರದು, ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಳಿಕ ಅಚ್ಚಿನ ಏಣುಗಳನ್ನು ಉಜ್ಜಿ, ಹೊಳೆಯುವ ಕಪ್ಪು ಬಣ್ಣ ಹಚ್ಚಿ, ಅದರ ಮೇಲೆ ಕ್ರೋಮ್ ಬಣ್ಣವನ್ನು ಬಹಳ ತೆಳುವಾಗಿ ಸಿಂಪಡಿಸಬೇಕು. ಕೆಳಗಿನ ಕಪ್ಪು ಎಷ್ಟು ನುಣುಪಾಗಿದೆಯೋ ಮೇಲಿನ ಕ್ರೋಮ್ ಅಷ್ಟೇ ಹೊಳೆಯುತ್ತದೆ.

ಕಿಟಕಿಯ ಪಟ್ಟಿಗೆ ಬಣ್ಣದ ಬದಲು ಬೇರ್ ಮೆಟಲ್ ಫಾಯಿಲ್ ಎಂಬ, ಹಿಂಬದಿಗೆ ಅಂಟಿರುವ ಅತಿ ತೆಳುವಾದ ಲೋಹದ ಹಾಳೆಯನ್ನು ಬಳಸಿ. ಪಟ್ಟಿಗಿಂತ ತುಸು ಅಗಲವಾಗಿ ಕತ್ತರಿಸಿ, ಮೇಲಿಟ್ಟು, ಹತ್ತಿಯ ಕಡ್ಡಿಯಿಂದ ನಡುವಿನಿಂದ ತುದಿಗೆ ತೀಡುತ್ತ ಹೋದರೆ ಅದು ಪಟ್ಟಿಯ ಉಬ್ಬಿಗೆ ತಾನಾಗಿ ಕೂರುತ್ತದೆ. ಮೈಸೂರು ಶೈಲಿಯ ಚಿತ್ರಗಳಿಗೆ ಬಂಗಾರದ ರೇಕು ಕೂರಿಸುವವರ ಕೈಯನ್ನು ನೋಡಿದ್ದರೆ ನಿಮಗೆ ಈ ತೀಡುವಿಕೆಯ ಹದ ಅರ್ಥವಾಗುತ್ತದೆ. ಆಮೇಲೆ ಹೊಚ್ಚಹೊಸ ಬ್ಲೇಡಿನ ತುದಿಯನ್ನು ಪಟ್ಟಿಯ ಬುಡದಲ್ಲಿ ಇಟ್ಟು ಎಳೆದು, ಹೆಚ್ಚಿನ ಹಾಳೆಯನ್ನು ಎತ್ತಿಬಿಡಿ. ಮೊಂಡು ಬ್ಲೇಡು ಹಾಳೆಯನ್ನು ಕೊಯ್ಯುವುದಿಲ್ಲ, ಹರಿಯುತ್ತದೆ.

ಈ ಹಾಳೆಯಿಂದ ನನಗೆ ಬಹಳ ಪ್ರಿಯವಾದ ಇನ್ನೊಂದು ಕೆಲಸ ಆಗುತ್ತದೆ. ಡಿಕ್ಕಿಯ ಮೇಲೆ ಕಾರಿನ ಹೆಸರು ಉಬ್ಬಕ್ಷರದಲ್ಲಿದ್ದರೆ, ಪ್ರೈಮರ್ ಆದ ಮೇಲೆ ಬಣ್ಣ ಹಚ್ಚುವ ಮೊದಲೇ ಅಕ್ಷರಗಳ ಮೇಲೆ ಹಾಳೆಯನ್ನು ತೀಡಿ ಕೂರಿಸಿ, ಸುತ್ತಲೂ ಕತ್ತರಿಸಿ, ಅದರ ಮೇಲೆಯೇ ಬಣ್ಣ ಸಿಂಪಡಿಸಿಬಿಡಿ. ಬಣ್ಣ ಆರಿದ ಬಳಿಕ 2000 ನಂಬರಿನ ಪೇಪರಿನ ಚೂರನ್ನು ಹಲ್ಲುಕಡ್ಡಿಯ ತುದಿಗೆ ಅಂಟಿಸಿಕೊಂಡು ಅಕ್ಷರಗಳ ನೆತ್ತಿಯನ್ನು ಮಾತ್ರ ಸವರಿ. ನೆತ್ತಿಯ ಬಣ್ಣ ಸವೆದು, ಕೆಳಗಿನ ಲೋಹ ಅಕ್ಷರ ಅಕ್ಷರವಾಗಿ ಬೆಳಕಿಗೆ ಬರುತ್ತದೆ. ಯಾವ ಬ್ರಷ್ಷಿನಿಂದಲೂ ಅಷ್ಟು ಸಣ್ಣ ಅಕ್ಷರಗಳನ್ನು ಅಷ್ಟು ಸ್ಪಷ್ಟವಾಗಿ ಬರೆಯಲಾಗದು.

ಪ್ರಶ್ನೆ: ನಾನು ಅಮೆರಿಕದ ಮಿಶಿಗನ್‌ನ ಟ್ರಾಯ್ ನಗರದಲ್ಲಿದ್ದೇನೆ. ಹಳೆಯ ವಸ್ತುಗಳ ಮಾರಾಟದಲ್ಲಿ ಎಎಂಟಿ ಕಂಪನಿಯ 1949ರ ಮರ್ಕ್ಯುರಿ ಕಾರಿನ ಹಳೆಯ ಕಿಟ್ ಸಿಕ್ಕಿತು. ಅದು 1/24 ಅಲ್ಲ, 1/25 ಎಂದಿದೆ, ಹೀಗೇಕೆ? ಡೆಕಾಲ್‌ಗಳು (ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರಗಳು) ಹಳದಿಯಾಗಿವೆ. ಇದರ ಮಾಡನ್ನು ತಗ್ಗಿಸಿ ಕಟ್ಟಬೇಕೆಂಬ ಆಸೆಯಿದೆ. (ಕನ್ನಡಿಗರೊಬ್ಬರು)

ಉತ್ತರ: ಎಎಂಟಿ ಕಂಪನಿ ನೀವಿರುವ ಟ್ರಾಯ್ ನಗರದ್ದೇ ಆಗಿತ್ತು! ಊರಿನ ಕಾರು ಊರಿಗೇ ಮರಳಿದೆ ಎನ್ನಿ. 1/24 ಎಂಬುದು ಅಡಿಗೆ ಅರ್ಧ ಇಂಚಿನ ಲೆಕ್ಕ. ಆದರೆ ಡೆಟ್ರಾಯ್ಟ್‌ನ ಕಾರು ಕಂಪನಿಗಳು ತಮ್ಮ ಹೊಸ ಕಾರುಗಳ ಪುಟ್ಟ ಪ್ರತಿಕೃತಿಗಳನ್ನು ಮಾರಾಟಗಾರರ ಮೂಲಕ ಪ್ರಚಾರಕ್ಕಾಗಿ ಹಂಚುತ್ತಿದ್ದ ಕಾಲದಲ್ಲಿ ಅವು 1/25 ಅಳತೆಯಲ್ಲಿ ನೆಲೆಗೊಂಡವು. ಅವುಗಳ ಅಚ್ಚುಗಳಿಂದಲೇ ಬೆಳೆದ ಅಮೆರಿಕದ ಕಿಟ್‌ಗಳು ಆ ಅಳತೆಯನ್ನು ಉಳಿಸಿಕೊಂಡವು. ಜಪಾನಿನವರು 1/24 ಹಿಡಿದರು. ವ್ಯತ್ಯಾಸ ಶೇ 4ರಷ್ಟು, ಒಂದರ ಚಕ್ರವನ್ನು ಇನ್ನೊಂದಕ್ಕೆ ಹಾಕಿದರೆ ಹೆಚ್ಚಿನವರಿಗೆ ತಿಳಿಯದು. ಎಎಂಟಿ 1958ರಲ್ಲಿ ತಂದ ‘ಒಂದರಲ್ಲಿ ಮೂರು’ ಕಿಟ್‌ಗಳಲ್ಲಿ ಕಾರನ್ನು ಕಾರ್ಖಾನೆಯಿಂದ ಬಂದಂತೆ, ಮಾರ್ಪಡಿಸಿದಂತೆ ಅಥವಾ ಪಂದ್ಯಕ್ಕೆ ಸಜ್ಜುಗೊಳಿಸಿದಂತೆ ಕಟ್ಟಲು ಬೇಕಾದ ಭಾಗಗಳಿರುತ್ತಿದ್ದವು. ಬಳಸದೆ ಉಳಿದವನ್ನು ಎಸೆಯದೆ ಡಬ್ಬಿಯಲ್ಲಿ ಕೂಡಿಡುವ ಅಭ್ಯಾಸ ಅಲ್ಲಿಯ ಹುಡುಗರಿಗೆ ಅಂಟಿದ್ದು ಹೀಗೆ.

ಡೆಕಾಲ್ ಹಾಳೆಯನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಚಿತ್ರವಿರುವ ಬದಿ ಹೊರಗೆ ಕಾಣುವಂತೆ, ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಅಂಟಿಸಿ. ಕೆಲವು ದಿನಗಳಿಂದ ಕೆಲವು ವಾರಗಳಲ್ಲಿ ಹಳದಿ ಇಳಿಯುತ್ತದೆ. ನೀರಿಗೆ ಹಾಕಿದಾಗ ಚೂರುಚೂರಾಗದಂತೆ ಮೊದಲೇ ಒಂದು ಪದರ ಕ್ಲಿಯರ್ ಹಚ್ಚಿಕೊಳ್ಳಿ. ಪೆಟ್ಟಿಗೆಯೊಳಗೆ ಟೈರುಗಳು ಗಾಜಿನ ಭಾಗಕ್ಕೆ ತಾಗಿಕೊಂಡಿವೆಯೇ ಎಂದು ಇಂದೇ ನೋಡಿ. ಹಳೆಯ ವಿನೈಲ್ ಟೈರಿನಿಂದ ಒಸರುವ ಎಣ್ಣೆಯಂಥ ಅಂಶ ಪ್ಲಾಸ್ಟಿಕ್ಕನ್ನು ತಿಂದುಹಾಕುತ್ತದೆ.

ಮಾಡು ತಗ್ಗಿಸುವ ಕೆಲಸ ಕೇಳಲು ಸುಲಭ. ನಿಜವಾದ ಕಾರಿನಲ್ಲಿ ಮೂರು ಇಂಚು ಕತ್ತರಿಸಿದರೆ ಮಾದರಿಯಲ್ಲಿ ಅದು 3 ಮಿ.ಮೀ. ಕಿಟಕಿಯ ಕಂಬಗಳ ಸುತ್ತ ಟೇಪಿನಿಂದ ಎರಡು ಗೆರೆ ಗುರುತಿಸಿ, ಸಣ್ಣ ಹಲ್ಲಿನ ಗರಗಸದಿಂದ ಕತ್ತರಿಸಿ ತೆಗೆದು, ಮಾಡನ್ನು ಕೆಳಗಿಳಿಸಿದಾಗ ನಿಜವಾದ ತೊಡಕು ಎದುರಾಗುತ್ತದೆ. ಕಂಬಗಳು ನೇರವಾಗಿ ನಿಂತಿಲ್ಲ, ಒಳಕ್ಕೆ ವಾಲಿವೆ. ವಾಲಿದ ಕಂಬವನ್ನು ಮೋಟು ಮಾಡಿದಾಗ ಮೇಲಿನ ತುದಿಗೂ ಕೆಳಗಿನ ಬುಡಕ್ಕೂ ಹೊಂದಾಣಿಕೆ ತಪ್ಪಿ, ಮಾಡು ಗಿಡ್ಡವಾಗಿಬಿಡುತ್ತದೆ. ಮುಂದಿನ ಕಂಬಗಳನ್ನು ಇನ್ನಷ್ಟು ಹಿಂದಕ್ಕೆ ವಾಲಿಸಿದರೆ ಅರ್ಧ ಅಂತರ ತುಂಬುತ್ತದೆ. ಉಳಿದದ್ದಕ್ಕೆ ಮಾಡನ್ನೇ ಅಡ್ಡಲಾಗಿ ಸೀಳಿ, ನಡುವೆ ಪ್ಲಾಸ್ಟಿಕ್ ಹಾಳೆಯ ಪಟ್ಟಿ ಸೇರಿಸಿ ಉದ್ದ ಮಾಡಬೇಕು. ಮರ್ಕ್ಯುರಿಯ ಹಿಂದಿನ ಗಾಜು ಬಹಳ ಬಾಗಿರುವುದರಿಂದ ಅದರ ಚೌಕಟ್ಟನ್ನು ಕತ್ತರಿಸದೆ, ಇಡಿಯಾಗಿ ಬಿಡಿಸಿಕೊಂಡು ಮುಂದಕ್ಕೆ ಮಲಗಿಸುವುದೇ ಸೂಕ್ತ. ಒಳಬದಿಯಲ್ಲಿ ಪ್ರತಿ ಜೋಡಣೆಗೂ ಪ್ಲಾಸ್ಟಿಕ್ ತುಂಡಿನ ಆಸರೆ ಕೊಡಿ. ಪುಟ್ಟಿ ತುಂಬಿದ ಮೇಲೆ ಎರಡು ವಾರ ಮುಟ್ಟಬೇಡಿ. ಪುಟ್ಟಿ ಕುಗ್ಗುವುದೆಲ್ಲ ಕುಗ್ಗಿ ಮುಗಿಯಲಿ.

ಪ್ರಶ್ನೆ: ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ವೈರುಗಳನ್ನು ಹಾಕಬೇಕು. ಯಾವ ವೈರು ಬಳಸಲಿ? ನನ್ನದೂ ಬೀಟಲ್ ಕಾರೇ. (ಓದುಗರೊಬ್ಬರು, ಮೈಸೂರು)

ಉತ್ತರ: ನಿಜವಾದ ಪ್ಲಗ್ ವೈರಿನ ದಪ್ಪ ಸುಮಾರು 7 ಮಿ.ಮೀ. ನಿಮಗೆ ಬೇಕಾದದ್ದು 0.3 ಮಿ.ಮೀ. ನಿಮ್ಮೂರಿನ ಮೋಟರ್ ರಿವೈಂಡಿಂಗ್ ಅಂಗಡಿಗೆ ಹೋಗಿ 30 ಗೇಜಿನ ಎನಾಮೆಲ್ ತಂತಿ ಒಂದು ಮಾರು ಕೊಡಿ ಎಂದರೆ ಚಹಾದ ದುಡ್ಡಿಗಿಂತ ಕಡಿಮೆಗೆ ಸಿಗುತ್ತದೆ. ಅದರ ದಪ್ಪ 0.315 ಮಿ.ಮೀ. ಪಂಪ್‌ಸೆಟ್ ಸುತ್ತುವವರಿಗೆ ನೀವು ಅದನ್ನು ಆಟಿಕೆಯ ಕಾರಿಗೆ ಹಾಕುವಿರೆಂದು ಹೇಳಿದರೆ ಅವರು ನಕ್ಕು ಹಾಗೆಯೇ ಕೊಟ್ಟಾರು, ನನಗೆ ಹಾಗೆ ಎರಡು ಬಾರಿ ಸಿಕ್ಕಿದೆ.

ನಾಲ್ಕು ಸಿಲಿಂಡರಿನ ಎಂಜಿನ್ನಿಗೆ, ಪ್ಲಗ್‌ಗಳಿಗೆ ವಿದ್ಯುತ್ತನ್ನು ಸರದಿಯಂತೆ ಹಂಚುವ ಡಿಸ್ಟ್ರಿಬ್ಯೂಟರಿನಿಂದ ಐದು ವೈರುಗಳು ಹೊರಡುತ್ತವೆ: ಪ್ಲಗ್‌ಗಳಿಗೆ ನಾಲ್ಕು, ನಡುವಿನಿಂದ ಕಾಯಿಲಿಗೆ ಒಂದು. ನಾಲ್ಕೇ ಹಾಕಿ ಮರೆಯುವವರು ಬಹಳ. ಕಿಟ್‌ನ ಡಿಸ್ಟ್ರಿಬ್ಯೂಟರಿನ ತಲೆ ಸುಮಾರು 3 ಮಿ.ಮೀ. ಅಗಲವಿರುತ್ತದೆ, ಸೂಜಿಯ ಮೊನೆಯಿಂದ ಐದು ಚುಕ್ಕಿ ಗುರುತಿಸಿಕೊಂಡು, 0.35 ಅಥವಾ 0.4 ಮಿ.ಮೀ. ಬಿಟ್‌ನಿಂದ, ಬಿಟ್ಟನ್ನು ಬೆರಳಲ್ಲಿ ತಿರುಗಿಸುತ್ತ ಕೊರೆಯಿರಿ. ಬೀಟಲ್‌ನ ಎಂಜಿನ್ ಹಿಂದಿದ್ದು, ಸಿಲಿಂಡರುಗಳು ಎಡಕ್ಕೆ ಎರಡು, ಬಲಕ್ಕೆ ಎರಡು ಮಲಗಿವೆ. ಬಲಬದಿಯಲ್ಲಿ 1 ಮತ್ತು 2, ಎಡಬದಿಯಲ್ಲಿ 3 ಮತ್ತು 4. ಕಿಡಿ ಹೊತ್ತುವ ಕ್ರಮ 1-4-3-2. ಅದೇ ಕ್ರಮದಲ್ಲಿ ಡಿಸ್ಟ್ರಿಬ್ಯೂಟರಿನ ತಲೆಯ ಸುತ್ತ ವೈರುಗಳನ್ನು ಹಾಕಿದರೆ ಅವು ನಿಜವಾದ ಎಂಜಿನ್ನಿನಲ್ಲಿ ಹೆಣೆದುಕೊಂಡಂತೆಯೇ ಹೆಣೆದುಕೊಳ್ಳುತ್ತವೆ. ತಂತಿಗೆ ಮೊದಲು ಪ್ರೈಮರ್ ಹಚ್ಚಿ, ಬಗ್ಗಿಸಿ ಕೂರಿಸಿದ ಮೇಲೆ ಕಪ್ಪು ಬಣ್ಣ ಕೊಡಿ. ಮೊದಲೇ ಬಣ್ಣ ಹಚ್ಚಿದರೆ ಬಗ್ಗಿದಲ್ಲೆಲ್ಲ ಉದುರುತ್ತದೆ.

ಪ್ರಶ್ನೆ: ನನ್ನ 11 ವರ್ಷದ ಮಗ ಇದನ್ನು ಕಲಿಯಬೇಕೆಂದು ಹಟ ಹಿಡಿದಿದ್ದಾನೆ. ಬ್ಲೇಡು, ಅಂಟು, ವಾಸನೆ ಎಂದರೆ ನನಗೆ ಭಯ. (ತಾಯಿಯೊಬ್ಬರು, ಧಾರವಾಡ)

ಉತ್ತರ: ತಾಯೀ, ಅಂಟೇ ಬೇಡದ, ಒತ್ತಿದರೆ ಕೂರುವ ಕಿಟ್‌ಗಳಿವೆ, ಮೊದಲ ಕಾರು ಅದಾಗಲಿ. ಬಣ್ಣಕ್ಕೆ ನೀರಿನಲ್ಲಿ ಕರಗುವ ಅಕ್ರಿಲಿಕ್ ಮತ್ತು ಒಂದು ಒಳ್ಳೆಯ ಬ್ರಷ್ ಸಾಕು, ಏರ್‌ಬ್ರಷ್ಷಿಗೆ ಅವಸರವಿಲ್ಲ. ಕತ್ತರಿಸಲು ಬ್ಲೇಡಿನ ಬದಲು ನಿಪ್ಪರ್ ಎಂಬ ಪುಟ್ಟ ಕತ್ತರಿಸುವ ಇಕ್ಕಳ ಕೊಡಿಸಿ. ಕಿಟಕಿ ತೆರೆದಿರಲಿ, ಮತ್ತು ಬಿದ್ದ ಸಣ್ಣ ಭಾಗವನ್ನು ಹುಡುಕಲು ಸುಲಭವಾಗುವಂತೆ ಮೇಜಿನ ಕೆಳಗೆ ಬಿಳಿಯ ಪಂಚೆ ಹಾಸಿರಲಿ.

ಪ್ರಶ್ನೆ: ನಮ್ಮ ಅಜ್ಜನ ಬಳಿ 1960ರ ದಶಕದ ಅಂಬಾಸಿಡರ್ ಕಾರು ಇತ್ತು. ಅದನ್ನು 1/24 ಅಳತೆಯಲ್ಲಿ ನಾನೇ ಮಾಡಬೇಕು. ಕಿಟ್ ಇಲ್ಲದೆ ಇದು ಆಗುವ ಮಾತೇ? (ಓದುಗರೊಬ್ಬರು, ತುಮಕೂರು)

ಉತ್ತರ: ಆಗುವ ಮಾತು, ಆದರೆ ಒಂದು ವರ್ಷದ ಮಾತು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ, ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರನ್ನು ಆಧರಿಸಿ ತಯಾರಾಗುತ್ತಿದ್ದ ಅಂಬಾಸಿಡರ್ 2014ರ ವರೆಗೂ ಬಂತು. ಹೊರ ಆಕಾರ ಹೆಚ್ಚು ಬದಲಾಗದಿದ್ದರೂ ಮುಂಭಾಗದ ಜಾಲರಿ ಮಾರ್ಕ್ ಎಂಬ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಬದಲಾಗುತ್ತ ಹೋಯಿತು. ಆದ್ದರಿಂದ ಅಜ್ಜನದು ಮಾರ್ಕ್ 1 ಆಗಿತ್ತೇ, ಮಾರ್ಕ್ 2 ಆಗಿತ್ತೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.

ಚಕ್ರಗಳ ನಡುವಿನ ಅಂತರ 2,464 ಮಿ.ಮೀ., ಅಂದರೆ ನಿಮ್ಮ ಮಾದರಿಯಲ್ಲಿ 102.7 ಮಿ.ಮೀ. ಉದ್ದ ಸುಮಾರು 180 ಮಿ.ಮೀ. ಬರುತ್ತದೆ. ಬಾಡಿಯ ಅಚ್ಚನ್ನು ಮರದಲ್ಲಿ ಕೆತ್ತಬೇಕು. ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಹಾಲೆ ಮರ ಮೃದುವಾಗಿಯೂ ಸಣ್ಣ ಎಳೆಯದಾಗಿಯೂ ಇರುವುದರಿಂದ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಅಚ್ಚಿನ ಹೊರರೇಖೆಗಿಂತ ತುಸು ದೊಡ್ಡದಾದ ತೂತನ್ನು ಪ್ಲೈವುಡ್ಡಿನಲ್ಲಿ ಕೊರೆದು, ಅದರ ಮೇಲೆ 1 ಮಿ.ಮೀ. ಪಾಲಿಸ್ಟೈರೀನ್ ಹಾಳೆಯನ್ನು ಮೊಳೆ ಹೊಡೆದು ನಿಲ್ಲಿಸಿ, ವಿದ್ಯುತ್ ಓವನ್ನಿನಲ್ಲಿ ಹಾಳೆ ಜೋಲುವವರೆಗೆ ಕಾಯಿಸಿ, ಹೊರತೆಗೆದು ಕೂಡಲೇ ಅಚ್ಚಿನ ಮೇಲೆ ಒತ್ತಿ ಇಳಿಸಬೇಕು. ಗ್ಯಾಸ್ ಒಲೆಯ ಉರಿಯ ಮೇಲೆ ಕಾಯಿಸುವ ಸಾಹಸ ಬೇಡ, ಹಾಳೆ ಹೊತ್ತಿಕೊಳ್ಳುತ್ತದೆ. ಹಾಳೆ ಎಳೆದಾಗ ತೆಳುವಾಗುವುದರಿಂದ ಮೊದಲ ಪ್ರತಿಯನ್ನು ಕತ್ತರಿಸಿ, ವರ್ನಿಯರ್‌ನಲ್ಲಿ ದಪ್ಪ ಅಳೆದುಕೊಂಡು, ಅಷ್ಟನ್ನು ಮರದ ಅಚ್ಚಿನ ಎಲ್ಲ ಬದಿಗಳಿಂದ ಉಜ್ಜಿ ತೆಗೆಯಿರಿ. ಈ ಹೆಜ್ಜೆಯನ್ನು ಬಿಟ್ಟವರ ಕಾರು ಉಬ್ಬಿದ ಕಾರಾಗುತ್ತದೆ.

ಚಕ್ರಗಳನ್ನು ಕೆತ್ತುವ ಗೋಜಿಗೆ ಹೋಗಬೇಡಿ. ಅಂಬಾಸಿಡರ್‌ನ ಚಕ್ರ 15 ಇಂಚಿನದು, ಬೀಟಲ್‌ನದೂ 15 ಇಂಚಿನದೇ. ಹುಬ್ಬಳ್ಳಿಯ ಓದುಗರ ಬಳಿಯಿರುವಂಥ ಕಿಟ್‌ನ ಟೈರು ಹೊಂದುತ್ತದೆ. ಹೆಡ್‌ಲೈಟು 7 ಇಂಚಿನ ದುಂಡು ದೀಪ, ಮಾದರಿಯಲ್ಲಿ 7.4 ಮಿ.ಮೀ.; ಮಿನಿ ಕಾರಿನದೂ ಅದೇ ಗಾತ್ರವಾದ್ದರಿಂದ 1/24 ಮಿನಿ ಕಿಟ್‌ನ ಗಾಜು ಸರಿಹೋಗುತ್ತದೆ. ಹಳೆಯ ಕಾರುಗಳನ್ನು ಹತ್ತಿರದಿಂದ ನೋಡಲು ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ ನೆರವಾಗುತ್ತದೆ.

ನಂಬರ್ ಪ್ಲೇಟಿನ ಬಗ್ಗೆ ಪ್ರತ್ಯೇಕವಾಗಿ ಕೇಳಿದ್ದೀರಿ. ಇಂದಿನ ನಿಯಮದಂತೆ ಕಾರಿನ ಉದ್ದನೆಯ ಪ್ಲೇಟು 500 × 120 ಮಿ.ಮೀ., ಅಂದರೆ ಮಾದರಿಯಲ್ಲಿ 20.8 × 5 ಮಿ.ಮೀ. ಆದರೆ ನಿಮ್ಮದು 1960ರ ದಶಕದ ಕಾರು. ಆಗ ಇದು ಮೈಸೂರು ರಾಜ್ಯ, ಕೆಎ ಎಂಬ ಅಕ್ಷರಗಳು ಬಂದದ್ದು 1989ರಲ್ಲಿ. ಹಳೆಯ ಪ್ಲೇಟುಗಳು ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರದವು ಮತ್ತು ಎಂವೈ ಎಂದು ಆರಂಭವಾಗುತ್ತಿದ್ದವು. ಅಷ್ಟು ಸಣ್ಣ ಅಕ್ಷರಗಳನ್ನು ಕೈಯಲ್ಲಿ ಬರೆಯಲಾಗದು. ಹೊಳಪಿನ ಫೋಟೊ ಕಾಗದದಲ್ಲಿ ಮುದ್ರಿಸಿ, ಹಿಂದಿನ ಪದರವನ್ನು ಉಗುರಿನಿಂದ ಬಿಡಿಸಿ ಕಾಗದವನ್ನು ತೆಳುವಾಗಿಸಿ, ಕತ್ತರಿಸಿದ ಬಿಳಿಯ ಅಂಚಿಗೆ ಕಪ್ಪು ಪೆನ್ನು ಎಳೆದು ಅಂಟಿಸಿ. ಅಜ್ಜನ ಕಾರಿನ ನಂಬರು ಯಾರಿಗೂ ನೆನಪಿಲ್ಲವೆಂದು ಬರೆದಿದ್ದೀರಿ. ಮನೆಯ ಹಳೆಯ ಮದುವೆಯ ಆಲ್ಬಮ್ಮನ್ನು ತೆಗೆಯಿರಿ. ದಿಬ್ಬಣದ ಫೋಟೊದಲ್ಲಿ ಕಾರಿನ ಮುಂಭಾಗವಿರುತ್ತದೆ, ಆದರೆ ಸೇವಂತಿಗೆಯ ಹಾರ ಜಾಲರಿಯನ್ನೂ ನಂಬರನ್ನೂ ಮುಚ್ಚಿರುತ್ತದೆ. ಮದುಮಗಳನ್ನು ಕಳಿಸಿಕೊಡುವ ಹೊತ್ತಿನ ಫೋಟೊವನ್ನು ಹುಡುಕಿ. ಅಷ್ಟರಲ್ಲಿ ಹಾರ ಬಾಡಿ ಒಂದು ಬದಿಗೆ ಜಾರಿರುತ್ತದೆ.